ಟೋಪಿಗೆ ಎಷ್ಟು ಹಾಕಬೇಕು? ಎಡಿನ್‌ಬರೋದಲ್ಲಿ ಆರು ದಿನ

ನಮ್ಮ ಕಡೆ ಯಕ್ಷಗಾನದ ಹರಕೆ ಆಟಕ್ಕೆ ಟಿಕೆಟ್ ಇರುವುದಿಲ್ಲ. ಖರ್ಚೆಲ್ಲ ಆಡಿಸುವವರದ್ದು, ನಾವು ಹೋಗಿ ಕುರ್ಚಿ ಹಿಡಿದು ಬೆಳಗಿನವರೆಗೆ ಕೂತರಾಯಿತು. ಆ ಅಭ್ಯಾಸದಲ್ಲೇ ಬೆಳೆದ ನಾನು ಆಗಸ್ಟಿನ ಕಲಾ ಉತ್ಸವ ನೋಡಲು ಸ್ಕಾಟ್ಲೆಂಡಿನ ಎಡಿನ್‌ಬರೋಗೆ ಹೋಗಿ ಮೊದಲ ದಿನವೇ ಒಂದು ಸಣ್ಣತನ ಮಾಡಿದೆ. ಹೈ ಸ್ಟ್ರೀಟಿನಲ್ಲಿ ಒಬ್ಬ ಆಳೆತ್ತರದ ಒಂಟಿಚಕ್ರದ ಸೈಕಲ್ಲೇರಿ ಉರಿಯುವ ಪಂಜುಗಳನ್ನು ಎಸೆದು ಹಿಡಿಯುತ್ತಿದ್ದ. ಅರ್ಧ ಗಂಟೆಗೂ ಮಿಕ್ಕಿ ಬಾಯಿ ಬಿಟ್ಟುಕೊಂಡು ನೋಡಿದೆ. ಅವನು ಕೆಳಗಿಳಿದು ಟೋಪಿ ಕೈಗೆತ್ತಿಕೊಳ್ಳುವಷ್ಟರಲ್ಲಿ ಮೆಲ್ಲಗೆ ಜಾರಿಕೊಂಡೆ. ಬೀದಿಯಲ್ಲಿ ಆಡಿದ್ದು, ಪುಕ್ಕಟೆ ತಾನೇ ಅಂತ.

ಅಲ್ಲ ಎಂದು ತಿಳಿಸಿದ್ದು ನಾನು ಉಳಿದಿದ್ದ ಮನೆಯೊಡತಿ. (ಮನೆ ಬಂದರಿನ ಕಡೆಯ ಲೀತ್‌ನಲ್ಲಿ. ಉತ್ಸವದ ತಿಂಗಳಲ್ಲಿ ನಡುಪೇಟೆಯ ಬಾಡಿಗೆ ಕೇಳುವಂತೆಯೇ ಇಲ್ಲ. 2023ರಿಂದ ಟ್ರಾಮ್ ಲೀತ್ ದಾಟಿ ನ್ಯೂಹೇವನ್‌ವರೆಗೂ ಹೋಗುವುದರಿಂದ ದೂರ ಅನ್ನಿಸುವುದಿಲ್ಲ.) ಆ ಕಲಾವಿದರಿಗೆ ಯಾರೂ ಸಂಬಳ ಕೊಡುವುದಿಲ್ಲ, ಬೆಳಗ್ಗೆ ಚೀಟಿ ಎತ್ತಿ ಯಾರಿಗೆ ಯಾವ ಜಾಗ, ಯಾವ ಹೊತ್ತು ಎಂದು ಹಂಚಿಕೊಳ್ಳುತ್ತಾರೆ, ಟೋಪಿಗೆ ಬಿದ್ದದ್ದೇ ಅವರ ದುಡಿಮೆ ಅಂದರು. "ಚಿಲ್ಲರೆ ಇಲ್ಲ ಅಂತ ತಪ್ಪಿಸಿಕೊಳ್ಳೋ ಕಾಲವೂ ಹೋಯಿತು, ಈಗ ಕಾರ್ಡ್ ಮಷೀನ್ ಇಟ್ಟುಕೊಂಡಿರುತ್ತಾರೆ" ಎಂದು ನಕ್ಕರು. ನನಗೆ ನಗು ಬರಲಿಲ್ಲ.

ಮರುದಿನ ಆಟಕ್ಕಿಂತ ಹೆಚ್ಚಾಗಿ ಜನ ಕೂಡಿಸುವ ಕಸುಬನ್ನೇ ನೋಡುತ್ತ ನಿಂತೆ. ಒಬ್ಬಳು ನೆಲದ ಮೇಲೆ ಹಗ್ಗ ಹಾಸಿದಳು. ಮೂರೇ ಜನ ಇದ್ದೆವು. "ಹಗ್ಗದ ಹತ್ತಿರ ಬನ್ನಿ" ಎಂದು ನಮ್ಮನ್ನೇ ಎಳೆದಳು, ಸುಮ್ಮನೆ ಜೋರಾಗಿ ಚಪ್ಪಾಳೆ ತಟ್ಟಿ ಕೂಗಿಸಿದಳು. ಏನೋ ನಡೆದಿದೆ ಎಂದುಕೊಂಡು ಮೂವತ್ತು ಜನ ಬಂದರು, ಅವರನ್ನು ಕಂಡು ಇನ್ನೂರು ಜನ. ಒಂದು ಗಂಟೆಗೆ ಅರ್ಧ ನಿಮಿಷ ಇರುವಾಗ ಎಲ್ಲರನ್ನೂ ಸುಮ್ಮನಿರಿಸಿ, ಕೈ ಮೇಲೆತ್ತಿ ಚಿಟಿಕೆ ಹೊಡೆದಳು. ಢಂ! ಕೋಟೆಯ ಮೇಲಿನ ತೋಪು. 1861ರಿಂದ ಭಾನುವಾರ ಬಿಟ್ಟರೆ ಹೆಚ್ಚುಕಮ್ಮಿ ದಿನವೂ ಒಂದು ಗಂಟೆಗೆ ಹಾರುವ ಗುಂಡು. ನಾನು ಬೆಚ್ಚಿಬಿದ್ದೆ, ಪಕ್ಕದ ಮುದುಕ ತಣ್ಣಗೆ ಕೈಗಡಿಯಾರ ನೋಡಿಕೊಂಡ. ಈ ಬೀದಿ ಕಲಾವಿದರು ಎಲ್ಲಕ್ಕಿಂತ ದೊಡ್ಡ ಕಸರತ್ತನ್ನು ಕೊನೆಗೆ ಉಳಿಸಿಕೊಂಡು, ಅದಕ್ಕೂ ಮುಂಚೆ ದುಡ್ಡಿನ ಮಾತು ಆಡುತ್ತಾರೆ. ಅದನ್ನು ಕೇಳಿಯೂ ನಿಂತವನು ಹಾಕಲೇಬೇಕು, ನನ್ನ ಲೆಕ್ಕದಲ್ಲಿ. ಐದು ಪೌಂಡ್ ಹಾಕಿದೆ. ಆಮೇಲೆ ದಿನವೂ ಐದರ ನೋಟುಗಳನ್ನು ಬೇರೆ ಜೇಬಿನಲ್ಲಿ ಇಟ್ಟುಕೊಂಡು ಹೊರಡುತ್ತಿದ್ದೆ. ಸ್ಕಾಟ್ಲೆಂಡಿನ ಬ್ಯಾಂಕುಗಳ ನೋಟು ಊರಿಗೆ ತಂದರೆ ಬದಲಿಸುವುದು ಕಷ್ಟ, ಅಲ್ಲೇ ಮುಗಿಸಿಬಿಡುವುದು ಲೇಸು.

ಒಳಗಿನ ಪ್ರದರ್ಶನಗಳಿಗೆ ನನ್ನಲ್ಲಿ ಯಾವ ಪಟ್ಟಿಯೂ ಇರಲಿಲ್ಲ. ಯುದ್ಧ ಮುಗಿದ ಮೇಲೆ, 1947ರಲ್ಲಿ, ಅಂತಾರಾಷ್ಟ್ರೀಯ ಉತ್ಸವ ಶುರುವಾದಾಗ ಕರೆಯದೇ ಬಂದ ಎಂಟು ನಾಟಕ ತಂಡಗಳು ತಾವೇ ಜಾಗ ಹುಡುಕಿಕೊಂಡು ಆಡಿದವು. ಅದೇ ಫ್ರಿಂಜ್ ಎಂಬ ಉತ್ಸವವಾಗಿ ಬೆಳೆದದ್ದು. ಇವತ್ತಿಗೂ ಅಲ್ಲಿ ಆಯ್ಕೆ ಸಮಿತಿ ಇಲ್ಲ, ಜಾಗ ಸಿಕ್ಕವರೆಲ್ಲ ಆಡಬಹುದು. ಹಾಗಾಗಿ ಜೊಳ್ಳೂ ಧಾರಾಳ. ಬೀದಿಯಲ್ಲಿ ಕರಪತ್ರ ಹಂಚುವವರು ಎಷ್ಟೋ ಸಲ ನಟರೇ. "ನಿನ್ನ ನಾಟಕದ ಕಥೆ ಏನು?" ಎಂದು ಕೇಳಿ, ಹೇಳುವಾಗ ಯಾರ ಕಣ್ಣು ಹೊಳೆಯಿತೋ ಅವರ ಆಟಕ್ಕೆ ಹೋದೆ. ಐದರಲ್ಲಿ ಮೂರು ಚೆನ್ನಾಗಿದ್ದವು.

ಕೊಡೆಯನ್ನು ಎರಡನೇ ದಿನಕ್ಕೇ ಮನೆಯಲ್ಲಿ ಬಿಟ್ಟೆ. ಗಾಳಿ ಅದನ್ನು ತಿರುಚಿಹಾಕುತ್ತದೆ, ಜನರ ನಡುವೆ ಬಿಚ್ಚಿದರೆ ಹಿಂದಿನವರ ಶಾಪ. ಟೊಪ್ಪಿಗೆಯಿರುವ ರೇನ್‌ಕೋಟು, ಕಲ್ಲುಹಾಸಿನ ಇಳಿಜಾರಿನಲ್ಲಿ ಜಾರದ ಶೂ, ಇಷ್ಟು ಸಾಕು. ಕಡಲ ಕಡೆಯಿಂದ ಬರುವ ಮಂಜಿಗೆ ಅಲ್ಲಿನವರು ಹಾರ್ ಅನ್ನುತ್ತಾರೆ. ಬೇಸಿಗೆ ಅನ್ನುವುದು ಕ್ಯಾಲೆಂಡರಿನಲ್ಲಿ ಮಾತ್ರ.

ಟಾಟೂ ಎಂಬ ಪ್ರದರ್ಶನಕ್ಕೆ ಮಾತ್ರ ತಿಂಗಳುಗಳ ಮೊದಲೇ ಟಿಕೆಟ್ ತೆಗೆದಿದ್ದೆ. 1950ರಿಂದ ಕೋಟೆಯ ಮುಂದಿನ ಬಯಲಿನಲ್ಲಿ ನಡೆಯುವ ಸೈನಿಕ ವಾದ್ಯಮೇಳ ಅದು. ಆ ರಾತ್ರಿ ಜಿನುಗು ಮಳೆ, ಸೀಟು ಒದ್ದೆ, ಪ್ಲಾಸ್ಟಿಕ್ ಚೀಲ ಹಾಸಿ ಕೂತೆ. ನೂರಾರು ಬ್ಯಾಗ್‌ಪೈಪುಗಳು ಒಟ್ಟಿಗೆ ಕೋಟೆ ಬಾಗಿಲಿನಿಂದ ಹೊರಬಂದಾಗ ಸದ್ದು ಕಿವಿಗಿಂತ ಮೊದಲು ಎದೆಗೆ ತಟ್ಟಿತು. ಕೊನೆಗೆ ದೀಪಗಳೆಲ್ಲ ಆರಿ, ಗೋಡೆಯ ತುದಿಯಲ್ಲಿ ಒಬ್ಬನೇ ನಿಂತು ನುಡಿಸಿದ. ಮುಂದಿನ ಸಾಲಿನಲ್ಲಿ ಎತ್ತಿದ್ದ ಫೋನುಗಳೂ ಒಂದೊಂದಾಗಿ ಕೆಳಗಿಳಿದವು.

ಕೊನೆಯ ದಿನ ಆ ಪಂಜಿನವನನ್ನು ಹುಡುಕಿಕೊಂಡು ಹೈ ಸ್ಟ್ರೀಟಿನಲ್ಲಿ ಎರಡು ಸಲ ಮೇಲೆ ಕೆಳಗೆ ಓಡಾಡಿದೆ. ಸಿಗಲಿಲ್ಲ. ಅವನು ನಿಂತಿದ್ದ ಜಾಗದಲ್ಲಿ ಒಬ್ಬ ಹುಡುಗ ಗಾಜಿನ ಚೆಂಡುಗಳನ್ನು ತೋಳಿನ ಮೇಲೆ ಉರುಳಿಸುತ್ತಿದ್ದ. ಮುಗಿಯುವವರೆಗೂ ನಿಂತು, ಐದರ ಎರಡು ನೋಟು ಟೋಪಿಗೆ ಹಾಕಿದೆ. ನೋಟುಗಳು ಅಂಟಿಕೊಂಡಿವೆ ಎಂದುಕೊಂಡ ಹುಡುಗ, ಒಂದನ್ನು ಬಿಡಿಸಿ ನನ್ನ ಕಡೆ ಚಾಚಿದ. ಇರಲಿ, ಅದು ನಿಮ್ಮವರೊಬ್ಬರಿಗೆ ಕೊಡಬೇಕಾದ ಬಾಕಿ ಅಂದೆ. ಅರ್ಥವಾಯಿತೋ ಇಲ್ಲವೋ, ನಕ್ಕು ಟೋಪಿಯನ್ನು ಪಕ್ಕದವರ ಮುಂದೆ ಹಿಡಿದ.