ಗಾರ್ಡುನ್ಯಾ ಬೆಟ್ಟದ ಬುಡದಲ್ಲಿ ಮುರಿಯಾಳು

ಏಪ್ರಿಲ್ ಬಂತೆಂದರೆ ನಮ್ಮ ಊರಲ್ಲಿ ಬೆಳಗ್ಗೆ ಬೆಳಗ್ಗೆಯೇ ಪೊದೆ, ಹುಲ್ಲು ಕತ್ತರಿಸುವ ಮಷೀನಿನ, ಅಂದರೆ ಬ್ರಷ್‌ಕಟರಿನ, ಸದ್ದು ಶುರು. ಊರು ಅಂದರೆ ಈಗಿನ ಊರು. ಪೋರ್ಚುಗಲ್‌ನ ಮಧ್ಯಭಾಗದಲ್ಲಿ, ಗಾರ್ಡುನ್ಯಾ ಬೆಟ್ಟದ ಬುಡದಲ್ಲಿರುವ ಒಂದು ಹಳ್ಳಿ. ಹತ್ತಿರದ ಪೇಟೆ ಫುಂಡಾಂವ್, ಚೆರಿ ಹಣ್ಣಿಗೆ ಹೆಸರಾದದ್ದು. ಹೆಂಡತಿಗೆ ಕೊವಿಲ್ಯಾದ ವಿಶ್ವವಿದ್ಯಾಲಯದಲ್ಲಿ ಸಂಶೋಧನೆಯ ಕೆಲಸ ಸಿಕ್ಕಿತು, 2021ರ ಸೆಪ್ಟೆಂಬರಿನಲ್ಲಿ ಬಂದೆವು. ನನ್ನದು ಕಂಪ್ಯೂಟರ್ ಕೆಲಸ, ಎಲ್ಲಿ ಕೂತರೂ ನಡೆಯುತ್ತದೆ. ಪೇಟೆಯಲ್ಲೇ ಮನೆ ಮಾಡಬಹುದಿತ್ತು. ಆದರೆ ನಾನು ಶಿರಸಿ ಸೀಮೆಯ ಅಡಿಕೆ ತೋಟದ ಮನೆಯವನು. ಹದಿನಾಲ್ಕು ಆಲಿವ್ ಮರ ಇರುವ ಹಳೇ ಕಲ್ಲುಮನೆ ಬಾಡಿಗೆಗಿದೆ ಎಂದು ಕೇಳಿದ ಮೇಲೆ ಬೇರೆ ಮನೆ ನೋಡಲೇ ಇಲ್ಲ.

ಮೊದಲ ತಿಂಗಳು ಕಾಗದಪತ್ರದಲ್ಲೇ ಹೋಯಿತು. ಇಲ್ಲಿ ಎಲ್ಲಕ್ಕೂ ನಿಫ್ ಎಂಬ ಒಂಬತ್ತು ಅಂಕಿಯ ತೆರಿಗೆ ನಂಬರು ಬೇಕು. ಮನೆ ಕರಾರು, ಕರೆಂಟು, ಫೋನು, ಎಲ್ಲವೂ ಅದರ ಮೇಲೆಯೇ. ಅದೊಂದು ಕೈಗೆ ಬಂದರೆ ಉಳಿದದ್ದು ನಿಧಾನವಾಗಿಯಾದರೂ ಆಗುತ್ತದೆ.

ಚಳಿಗೆ ಮಾತ್ರ ನಾವು ತಯಾರಿರಲಿಲ್ಲ. ದಕ್ಷಿಣ ಯುರೋಪ್ ಅಂದರೆ ಬಿಸಿಲು ಎಂದುಕೊಂಡಿದ್ದೆವು. ಗ್ರಾನೈಟ್ ಗೋಡೆಯ ಮನೆ ಜನವರಿಯಲ್ಲಿ ಹೊರಗಿಗಿಂತ ಒಳಗೇ ಜಾಸ್ತಿ ತಣ್ಣಗಿರುತ್ತದೆ. ಬಟ್ಟೆ ಒಣಗುವುದಿಲ್ಲ, ಕಪಾಟಿನ ಹಿಂದೆ ಬೂಷ್ಟು ಹಿಡಿಯುತ್ತದೆ. ನಮ್ಮ ಮಲೆನಾಡಿನ ಆಷಾಢದ ಹಾಗೆ, ಆದರೆ ಕೊರೆಯುವ ಚಳಿಯ ಜೊತೆ. ಕಟ್ಟಿಗೆ ಒಲೆಯೇ ಗತಿ. ಮೊದಲ ವರ್ಷ ನವೆಂಬರಿನಲ್ಲಿ ಕಟ್ಟಿಗೆ ಕೊಂಡೆ. ಹಸಿ ಕಟ್ಟಿಗೆ, ಬರೀ ಹೊಗೆ. ಈಗ ಜೂನಿನಲ್ಲೇ ತಂದು, ಸೀಳಿ, ಮಾಡಿನ ಅಡಿ ಒಟ್ಟುತ್ತೇನೆ.

ಊಟಕ್ಕೆ ನಾನು ಅಂದುಕೊಂಡಷ್ಟು ಕಷ್ಟವಾಗಲಿಲ್ಲ. ಬ್ರೆಡ್ಡಿನ ವ್ಯಾನು ಹಾರ್ನ್ ಹೊಡೆಯುತ್ತಾ ಮನೆ ಬಾಗಿಲಿಗೇ ಬರುತ್ತದೆ. ನಾವು ಮಾಂಸ ತಿನ್ನುವುದಿಲ್ಲ ಎಂದು ಗೊತ್ತಾದ ಮೇಲೆ ಪಕ್ಕದ ಮನೆಯ ಅಜ್ಜಿ, ಆಲೂಗಡ್ಡೆ ಮತ್ತು ಕೋಸಿನ ಜಾತಿಯ ದೊಡ್ಡ ಹಸಿರೆಲೆ ಹಾಕಿ ಮಾಡುವ ಕಾಲ್ದು ವೆರ್ದ್ ಸಾರನ್ನು ಸಾಸೇಜ್ ಹಾಕುವ ಮೊದಲೇ ನಮ್ಮ ಪಾಲು ತೆಗೆದಿಟ್ಟು ಕಳಿಸಲು ಶುರು ಮಾಡಿದರು. ಅವರ ಹಿತ್ತಲಲ್ಲಿ ಕೊತ್ತಂಬರಿ ಇತ್ತು. ಅದನ್ನು ನೋಡಿದ ದಿನ ಹೆಂಡತಿಯ ಕಣ್ಣು ತುಂಬಿ ಬಂತು. ಭಾಷೆಗೂ ಒಂದು ದಾರಿ ಸಿಕ್ಕಿತು. ನಮ್ಮ ಕಡೆ ಆಲೂಗಡ್ಡೆಗೆ ಬಟಾಟೆ ಅನ್ನುತ್ತೇವಲ್ವಾ, ಇಲ್ಲಿಯೂ ಅದು ಬತಾತವೇ. ಮೇಜು ಮೆಜಾ, ಕರಾವಳಿಯ ಜನೆಲು ಇಲ್ಲಿ ಜನೆಲಾ, ಚಾವಿ ಶಾವ್. ಗೋವೆಯ ದಾರಿಯಲ್ಲಿ ನಮ್ಮಲ್ಲಿಗೆ ಬಂದ ಮಾತುಗಳು. ಅಜ್ಜಿಗೆ ಇದನ್ನು ಹೇಳಿದಾಗ ಅವರು ಒಂದೊಂದು ಸಾಮಾನನ್ನೇ ಮುಟ್ಟಿ ತೋರಿಸಿ, ಇದಕ್ಕೇನು, ಅದಕ್ಕೇನು ಎಂದು ಕೇಳುತ್ತಾ ಹೋದರು.

ನಿಜವಾದ ಪಾಠ ಶುರುವಾದದ್ದು ಆ ಮೊದಲ ಏಪ್ರಿಲಿನಲ್ಲಿ. ಇಲ್ಲಿ ಬೇಸಿಗೆಯ ಕಾಡ್ಗಿಚ್ಚು ಎಲ್ಲರ ಮನಸ್ಸಿನಲ್ಲೂ ಕೂತಿರುವ ಭಯ. 2017ರ ಜೂನಿನಲ್ಲಿ ಇದೇ ಮಧ್ಯ ಪೋರ್ಚುಗಲ್‌ನ ಪೆದ್ರೋಗಾಂವ್ ಗ್ರಾಂಡ್ ಎಂಬಲ್ಲಿ ಎದ್ದ ಬೆಂಕಿಯಲ್ಲಿ 66 ಜನ ಸತ್ತರು. ಅವರಲ್ಲಿ ಬಹಳ ಮಂದಿ ಕಾರಿನಲ್ಲಿ ತಪ್ಪಿಸಿಕೊಳ್ಳಲು ಹೊರಟು ದಾರಿಯಲ್ಲೇ ಸಿಕ್ಕಿಬಿದ್ದವರು. ಹಳ್ಳಿಗಳಲ್ಲಿ ಉಳಿದವರು ಮುದುಕರು, ಮಕ್ಕಳೆಲ್ಲ ಲಿಸ್ಬನ್, ಫ್ರಾನ್ಸ್, ಸ್ವಿಟ್ಜರ್ಲೆಂಡ್ ಸೇರಿದ್ದಾರೆ. ಉಳುವವರಿಲ್ಲದ ಜಮೀನಿನಲ್ಲಿ ಪೊದೆ, ಪೈನ್, ನೀಲಗಿರಿ ಬೆಳೆದು ಒಣಗಿ ನಿಂತಿರುತ್ತವೆ. ಅದಕ್ಕೇ ಕಾನೂನು: ಮನೆಯ ಸುತ್ತ 50 ಮೀಟರ್ ಜಾಗದ ಗಿಡಗಂಟಿ ಸವರಿ ಇಡಬೇಕು. ಗೋಡೆಯಿಂದ ಐದು ಮೀಟರಿನ ಒಳಗೆ ಮರದ ಕೊಂಬೆ ಬರಬಾರದು. ಪೈನ್, ನೀಲಗಿರಿಯಾದರೆ ಒಂದರ ತಲೆಗೂ ಇನ್ನೊಂದರ ತಲೆಗೂ ಹತ್ತು ಮೀಟರ್ ಅಂತರ. ಸಾಮಾನ್ಯವಾಗಿ ಏಪ್ರಿಲ್ 30 ಕೊನೆಯ ದಿನ, ಕೆಲವು ವರ್ಷ ಮುಂದೆ ಹಾಕುತ್ತಾರೆ. ಬಾಡಿಗೆಗಿದ್ದರೂ ಹೊಣೆ ತಪ್ಪುವುದಿಲ್ಲ. ಬಿಸಿಲು ಏರಿದ ಅಪಾಯದ ದಿನಗಳಲ್ಲಿ ಬ್ರಷ್‌ಕಟರ್ ಮುಟ್ಟುವಂತೆಯೇ ಇಲ್ಲ. ಅಲಗು ಕಲ್ಲಿಗೆ ತಾಗಿ ಒಂದು ಕಿಡಿ ಹಾರಿದರೆ ಸಾಕು.

ನಾನು ಒಬ್ಬನೇ ಮೂರು ದಿನ ಸವರಿದೆ. ಮುಳ್ಳುಬಳ್ಳಿಯ ಕಾಲು ಭಾಗವೂ ಮುಗಿದಿರಲಿಲ್ಲ. ನಾಲ್ಕನೇ ದಿನ ಮೇಲಿನ ಮನೆಯ ಯಜಮಾನರು, ಎಪ್ಪತ್ತು ದಾಟಿದವರು, ಕೇಳದೆಯೇ ಮಷೀನು ಹೆಗಲಿಗೆ ಹಾಕಿಕೊಂಡು ಬಂದರು. ಸಂಜೆಯ ಹೊತ್ತಿಗೆ ಇಳಿಜಾರು ಅರ್ಧ ಬೋಳಾಯಿತು. ನಾನು ದುಡ್ಡು ಕೊಡಲು ಹೋದೆ. ಅವರು ಎರಡೂ ಕೈ ಜೇಬಿಗೆ ಹಾಕಿಕೊಂಡರು. ಮುಖ ಬಾಡಿತ್ತು. ನಾಳೆ ನೀನು ನನ್ನಲ್ಲಿಗೆ ಬಾ ಅಂದರು, ಅಷ್ಟೇ.

ನನಗೆ ಅಲ್ಲೇ ಹೊಳೆಯಿತು. ಇದು ಮುರಿಯಾಳು! ಬೇರೆ ಕಡೆ ಮುಯ್ಯಾಳು ಎನ್ನುವುದು ಇದನ್ನೇ. ಇವತ್ತು ನಿಮ್ಮ ಗದ್ದೆ, ನಾಳೆ ನಮ್ಮದು. ನಾನು ಚಿಕ್ಕವನಿದ್ದಾಗ ಅಡಿಕೆ ಸುಲಿಯಲು ರಾತ್ರಿ ಕೇರಿಯವರೆಲ್ಲ ನಮ್ಮ ಮನೆಗೆ ಬರುತ್ತಿದ್ದರು, ಮರುದಿನ ಆಯಿ ಅವರ ಮನೆಗೆ ಹೋಗುತ್ತಿದ್ದಳು. ಅದನ್ನು ನೋಡಿ ಬೆಳೆದವನು ನಾನು, ಇಲ್ಲಿ ಬಂದು ನೋಟು ತೆಗೆದಿದ್ದೆ. ಮರುದಿನ ಅವರು ಏಳುವ ಮೊದಲೇ ಅವರ ಅಂಗಳದಲ್ಲಿ ನಿಂತಿದ್ದೆ. ಹೊಸದಾಗಿ ಬರುವವರಿಗೆ ನಾನು ಮೊದಲು ಹೇಳುವ ಮಾತು ಇದೇ: ಸಹಾಯಕ್ಕೆ ದುಡ್ಡು ಚಾಚಬೇಡಿ, ಅವರ ಕೆಲಸದ ದಿನ ಕೇಳಿಕೊಳ್ಳಿ.

ಆಲಿವ್ ಕೊಯ್ಲೂ ಹಾಗೆಯೇ. ಮರದ ಕೆಳಗೆ ಬಲೆ ಹಾಸಿ, ನಮ್ಮ ದೋಟಿಯಂಥ ಉದ್ದ ಕೋಲಿನಿಂದ ಕೊಂಬೆ ಬಡಿಯುತ್ತಾರೆ. ನಮ್ಮದು ಗಲೇಗಾ ಎಂಬ ಹಳೇ ತಳಿ, ಕಾಯಿ ಸಣ್ಣದು. ಒಂದು ವರ್ಷ ಜಾಸ್ತಿ ಬಿಟ್ಟರೆ ಮರುವರ್ಷ ಕಮ್ಮಿ. ಮೊದಲ ಸಲ ನಾವಿಬ್ಬರೇ ಶನಿವಾರ, ಭಾನುವಾರ ಕೊಯ್ದು ಪ್ಲಾಸ್ಟಿಕ್ ಚೀಲದಲ್ಲಿ ತುಂಬಿಸಿಟ್ಟೆವು. ಎಲ್ಲ ಮುಗಿಯಲು ಒಂಬತ್ತು ದಿನ ಹಿಡಿಯಿತು. ಗಾಣಕ್ಕೆ ಒಯ್ದಾಗ ಅಲ್ಲಿಯವರು ಚೀಲದೊಳಗೆ ಕೈಯಿಟ್ಟು ನೋಡಿದರು. ಕಾಯಿ ಬೆಚ್ಚಗಾಗಿ ಹುಳಿತು ಹೋಗಿತ್ತು. ಕೊಯ್ದ ಒಂದೆರಡು ದಿನದಲ್ಲೇ ಅರೆಯಬೇಕು, ಇಡುವುದಾದರೆ ಗಾಳಿಯಾಡುವ ಕ್ರೇಟಿನಲ್ಲಿ ಇಡಬೇಕು ಎಂದು ಆಗ ತಿಳಿಯಿತು. ಆ ಎಣ್ಣೆ ತಿನ್ನಲು ಬರಲಿಲ್ಲ. ದೇವರ ದೀಪಕ್ಕೆ ಹಾಕಿದೆವು.

ಮರುವರ್ಷದಿಂದ ನಾಲ್ಕು ಮನೆಯವರು ಸೇರಿ ಕೊಯ್ಯುತ್ತೇವೆ. ಒಂದು ದಿನ ಒಂದು ಮನೆ, ಅದೇ ಸಂಜೆ ಗಾಣ. ಕಳೆದ ಸಲ ನಮ್ಮದು 180 ಕಿಲೋ ಕಾಯಿ ಆಯಿತು. ಗಾಣದವರು ಕೂಲಿಯ ಬದಲು ಪಾಲು ಹಿಡಿದುಕೊಂಡ ಮೇಲೆ 20 ಲೀಟರ್ ಎಣ್ಣೆ ಉಳಿಯಿತು. ಹಸಿರಾಗಿ, ಗಂಟಲಲ್ಲಿ ಸ್ವಲ್ಪ ಖಾರ. ಬಿಸಿ ಅನ್ನ, ಚಟ್ನಿಪುಡಿಗೆ ಇಷ್ಟು ಹೊಂದುತ್ತದೆ ಎಂದು ನಾನು ಎಣಿಸಿರಲಿಲ್ಲ.

2025ರ ಆಗಸ್ಟಿನಲ್ಲಿ ಆರ್ಗಾನಿಲ್ ಕಡೆ ಹೊತ್ತಿದ ಬೆಂಕಿ ದಿನಗಟ್ಟಲೆ ಉರಿದು ಫುಂಡಾಂವ್ ತಾಲೂಕಿನವರೆಗೆ ಬಂತು. ನಮ್ಮ ಅಂಗಳದಲ್ಲಿ ಬೂದಿ ಬಿತ್ತು. ಹಗಲೇ ಸೂರ್ಯ ಕೆಂಪಾಗಿದ್ದ. ಊರಿನ ಮುದುಕರನ್ನೆಲ್ಲ ಚರ್ಚಿನ ಪಕ್ಕದ ಸಭಾಂಗಣಕ್ಕೆ ಕರೆತಂದೆವು, ಅಜ್ಜಿಯನ್ನು ನಾನೇ ಕೈಹಿಡಿದು ನಡೆಸಿದೆ. ಗಂಡಸರು, ಹೆಂಗಸರು ಸರದಿಯಲ್ಲಿ ಇಳಿಜಾರಿಗೆ ನೀರು ಹಾಯಿಸಿದೆವು. ಬೆಂಕಿ ನಮ್ಮ ಹಳ್ಳಿಯವರೆಗೆ ಬರಲಿಲ್ಲ. ಆ ರಾತ್ರಿ ಯಾರೂ ಮಲಗಲಿಲ್ಲ.

ಅಜ್ಜಿಗೆ ಈಗ ಮೊಣಕಾಲು ನೋವು, ಬಗ್ಗಲು ಆಗುವುದಿಲ್ಲ. ಈ ಸಲ ಅವರ ಆರು ಮರ ಮೊದಲು ಕೊಯ್ಯೋಣ ಎಂದು ಎಲ್ಲರೂ ಒಪ್ಪಿದ್ದೇವೆ. ಅವರು ತಮ್ಮ ಆಳಿನ ಬದಲಿಗೆ ಹತ್ತು ಜನರ ಊಟ ಮಾಡುತ್ತೇನೆ ಎಂದಿದ್ದಾರೆ. ನಮ್ಮ ಪಾಲಿನ ಸಾರು ಬೇರೆ ಪಾತ್ರೆಯಲ್ಲಿ.