ಎಆರ್-15 ರೈಫಲ್‌ಗೆ ಸರಿಯಾದ ಟ್ರಿಗರ್ ಮತ್ತು ಹ್ಯಾಮರ್ ಪಿನ್: ಮೊದಲು ಅಳತೆ, ಆಮೇಲೆ ಖರೀದಿ

ಯುಜೀನ್ ಸ್ಟೋನರ್ ಆರ್ಮಲೈಟ್ ಕಂಪನಿಯಲ್ಲಿದ್ದಾಗ ರೂಪಿಸಿದ ಎಆರ್-15 ರೈಫಲ್‌ನ ಹಕ್ಕುಗಳನ್ನು ಕೋಲ್ಟ್ ಕಂಪನಿ 1959ರಲ್ಲಿ ಕೊಂಡುಕೊಂಡಿತು. ಇಂದು ಅಮೆರಿಕದಲ್ಲಿ ಹತ್ತಾರು ತಯಾರಕರು ಇದೇ ವಿನ್ಯಾಸದ ರೈಫಲ್‌ಗಳನ್ನು ಮಾಡುತ್ತಾರೆ. ಒಬ್ಬರ ಬಿಡಿಭಾಗ ಇನ್ನೊಬ್ಬರ ರೈಫಲ್‌ಗೆ ಬಹುಮಟ್ಟಿಗೆ ಹೊಂದುವುದರಿಂದ, ಟ್ರಿಗರ್ ಬದಲಿಸುವ ಕೆಲಸವನ್ನು ಅಲ್ಲಿನ ಮಾಲೀಕರು ಮನೆಯಲ್ಲೇ ಮಾಡಿಕೊಳ್ಳುವುದು ಸಾಮಾನ್ಯ. ಈ ಲೇಖನ ಅಲ್ಲಿ ಕಾನೂನುಬದ್ಧವಾಗಿ ಇಂಥ ರೈಫಲ್ ಇಟ್ಟುಕೊಂಡಿರುವ ಕನ್ನಡಿಗರಿಗಾಗಿ ಬರೆದದ್ದು. ಭಾರತದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಬಂದೂಕಿನ ದುರಸ್ತಿಗೂ ಪರವಾನಗಿ ಬೇಕಾಗುವುದರಿಂದ ಇಲ್ಲಿನ ಓದುಗರು ಇದನ್ನು ತಿಳಿವಳಿಕೆಗಾಗಿ ಮಾತ್ರ ಓದಿಕೊಳ್ಳಬೇಕು.

ಕೆಲಸಕ್ಕೆ ಕೈಹಾಕುವ ಮೊದಲು ಮ್ಯಾಗಜಿನ್ ತೆಗೆಯಿರಿ, ಬೋಲ್ಟ್ (ಚೇಂಬರ್ ಅನ್ನು ಹಿಂದಿನಿಂದ ಮುಚ್ಚುವ ಭಾಗ) ಹಿಂದಕ್ಕೆಳೆದು ನಿಲ್ಲಿಸಿ, ಗುಂಡು ಕೂರುವ ಚೇಂಬರ್ ಖಾಲಿಯಿದೆಯೆಂದು ಕಣ್ಣಿನಿಂದಲೂ ಬೆರಳಿನಿಂದಲೂ ಖಚಿತಪಡಿಸಿಕೊಳ್ಳಿ. ಗುಂಡುಗಳು ಆ ಕೋಣೆಯಲ್ಲೇ ಇರಬಾರದು.

ಲೋವರ್ ರಿಸೀವರ್ ಅನ್ನು (ಟ್ರಿಗರ್ ಕೂರುವ, ರೈಫಲ್‌ನ ಕೆಳಭಾಗದ ಚೌಕಟ್ಟು) ಅಡ್ಡಲಾಗಿ ಹಾದುಹೋಗುವ ಎರಡು ಚಿಕ್ಕ ಉಕ್ಕಿನ ಪಿನ್‌ಗಳಲ್ಲಿ ಒಂದರ ಮೇಲೆ ಟ್ರಿಗರ್, ಇನ್ನೊಂದರ ಮೇಲೆ ಹ್ಯಾಮರ್, ಅಂದರೆ ಗುಂಡು ಹಾರಿಸಲು ಫೈರಿಂಗ್ ಪಿನ್ನಿಗೆ ಬಡಿಯುವ ಭಾಗ, ತಿರುಗುತ್ತದೆ. ಮೂಲ ವಿನ್ಯಾಸದಲ್ಲಿ ಇವೆರಡೂ ಒಂದೇ ಬಗೆಯವು: ನಡುವೆ ಒಂದು ತೋಡು, ಒಂದು ತುದಿಯ ಬಳಿ ಇನ್ನೊಂದು ತೋಡು. ಹ್ಯಾಮರ್‌ನ ಒಳಗೆ ಜೆ ಆಕಾರದ ಪುಟ್ಟ ಸ್ಪ್ರಿಂಗ್ ಇದ್ದು, ಅದು ಹ್ಯಾಮರ್ ಪಿನ್ನಿನ ನಡುವಿನ ತೋಡನ್ನು ಹಿಡಿದುಕೊಳ್ಳುತ್ತದೆ. ಟ್ರಿಗರ್ ಪಿನ್ ಅನ್ನು ಹಿಡಿಯುವುದು ಹ್ಯಾಮರ್ ಸ್ಪ್ರಿಂಗ್‌ನ ಕಾಲು. ಆ ಸ್ಪ್ರಿಂಗ್‌ನ ಎರಡು ಕಾಲುಗಳು ಟ್ರಿಗರ್ ಪಿನ್ನಿನ ಮೇಲೆ ಕೂರುತ್ತವೆ, ಅವುಗಳಲ್ಲಿ ಒಂದು ತುದಿಯ ತೋಡಿನೊಳಗೆ ಇಳಿದು ಪಿನ್ ಆಚೀಚೆ ಸರಿಯದಂತೆ ತಡೆಯುತ್ತದೆ. ಯಾವ ಪಿನ್ ಬೇಕೆಂಬ ನಿರ್ಧಾರವೆಲ್ಲ ಈ ಎರಡು ಹಿಡಿತಗಳು ನಿಮ್ಮ ರೈಫಲ್‌ನಲ್ಲಿ ಇವೆಯೋ ಇಲ್ಲವೋ ಎಂಬುದರ ಮೇಲೆ ನಿಂತಿದೆ.

ಮೊದಲು ವರ್ನಿಯರ್ ಕ್ಯಾಲಿಪರ್ ಹಿಡಿದು ಹಳೆಯ ಪಿನ್ನಿನ ವ್ಯಾಸ ಅಳೆಯಿರಿ. ಸಾಮಾನ್ಯ ಅಳತೆ 0.154 ಇಂಚು, ಅಂದರೆ ಸುಮಾರು 3.9 ಮಿಲಿಮೀಟರ್. ಆದರೆ ಕೋಲ್ಟ್ ಕಂಪನಿ ನಾಗರಿಕರಿಗಾಗಿ ಮಾಡಿದ ಕೆಲವು ಹಳೆಯ ರೈಫಲ್‌ಗಳಲ್ಲಿ 0.170 ಇಂಚಿನ ದೊಡ್ಡ ಪಿನ್‌ಗಳಿವೆ. ವ್ಯತ್ಯಾಸ 0.4 ಮಿಲಿಮೀಟರ್ ಮಾತ್ರ, ಬರಿಗಣ್ಣಿಗೆ ಸುಲಭವಾಗಿ ಗೊತ್ತಾಗುವುದಿಲ್ಲ. ದೊಡ್ಡ ರಂಧ್ರದಲ್ಲಿ ಸಣ್ಣ ಪಿನ್ ಹಾಕಿದರೆ ಹ್ಯಾಮರ್ ಮತ್ತು ಟ್ರಿಗರ್ ಓಲಾಡುತ್ತವೆ, ಅವು ಪರಸ್ಪರ ಕಚ್ಚಿಕೊಳ್ಳುವ ಅಂಚು ಪ್ರತಿ ಸಲವೂ ಒಂದೇ ಜಾಗದಲ್ಲಿ ನಿಲ್ಲುವುದಿಲ್ಲ, ಟ್ರಿಗರ್ ಒತ್ತದೆಯೇ ಹ್ಯಾಮರ್ ಜಾರುವ ಅಪಾಯ ಉಂಟಾಗುತ್ತದೆ. ಸೆಕೆಂಡ್ ಹ್ಯಾಂಡ್ ಕೋಲ್ಟ್ ಕೊಂಡವರು ಈ ಅಳತೆಯನ್ನು ಎಂದಿಗೂ ಬಿಡಬಾರದು. ಪಿನ್ ದೊಡ್ಡದಿದ್ದರೆ ದೊಡ್ಡ ಪಿನ್ನಿಗೆಂದೇ ಮಾಡಿದ ಟ್ರಿಗರ್ ಸೆಟ್ ಕೊಳ್ಳಬೇಕು. ಸರಿಯಾದ ಪಿನ್ ಬೆರಳಿನ ಒತ್ತಡಕ್ಕೆ, ಹೆಚ್ಚೆಂದರೆ ಹಗುರವಾದ ತಟ್ಟಿಗೆ, ರಂಧ್ರದಲ್ಲಿ ಸಾಗುತ್ತದೆ. ರಂಧ್ರವೇ ಸವೆದು ಮೊಟ್ಟೆಯಾಕಾರವಾಗಿದ್ದರೆ ಯಾವ ಪಿನ್ನೂ ಪರಿಹಾರವಲ್ಲ. ಅದು ಬಂದೂಕು ದುರಸ್ತಿಗಾರರು ನೋಡಬೇಕಾದ ವಿಷಯ.

ಎರಡನೆಯದಾಗಿ ನಿಮ್ಮ ಟ್ರಿಗರ್ ಯಾವ ಬಗೆಯದು ಎಂದು ನೋಡಿ. ಬಿಡಿಬಿಡಿಯಾಗಿ ಜೋಡಿಸುವ ಸಾಮಾನ್ಯ ಟ್ರಿಗರ್ ಆದರೆ, ಮೇಲೆ ಹೇಳಿದ ಎರಡೂ ಹಿಡಿತಗಳು ಅದರಲ್ಲಿರುತ್ತವೆ, ಅಗ್ಗದ ಸಾದಾ ಪಿನ್‌ಗಳೇ ಸಾಕು. ನನ್ನ ಅಭಿಪ್ರಾಯದಲ್ಲಿ ಇಂಥ ರೈಫಲ್‌ಗೆ ದುಬಾರಿ ಪಿನ್ ಕೊಳ್ಳುವವರಲ್ಲಿ ಬಹುಪಾಲು ಜನರಿಗೆ ಅದರ ಅಗತ್ಯವೇ ಇರುವುದಿಲ್ಲ. ಪಿನ್ ಹೊರಗೆ ಸರಿಯುತ್ತಿದ್ದರೆ ಹೊಸದನ್ನು ತರಿಸುವ ಮುನ್ನ ಹ್ಯಾಮರ್ ಸ್ಪ್ರಿಂಗ್‌ನ ಕಾಲುಗಳು ಟ್ರಿಗರ್ ಪಿನ್ನಿನ ಮೇಲೆ ಕೂತಿವೆಯೇ, ಒಂದು ಕಾಲು ತೋಡಿಗೆ ಇಳಿದಿದೆಯೇ, ಜೆ ಸ್ಪ್ರಿಂಗ್ ಮುರಿದಿಲ್ಲವೇ ಎಂದು ಪರೀಕ್ಷಿಸಿ. ಹೆಚ್ಚಿನ ತೊಂದರೆ ಅಲ್ಲೇ ಸಿಗುತ್ತದೆ.

ಎಲ್ಲ ಭಾಗಗಳನ್ನೂ ಒಂದೇ ಪೆಟ್ಟಿಗೆಯೊಳಗೆ ಜೋಡಿಸಿ ಮಾರುವ ಕ್ಯಾಸೆಟ್ ಟ್ರಿಗರ್‌ಗಳ ಮಾತು ಬೇರೆ. ಪಿನ್‌ಗಳು ಈ ಪೆಟ್ಟಿಗೆಯ ಕೊಳವೆಗಳ ಮೂಲಕ ಹಾದುಹೋಗುತ್ತವೆ. ಅವನ್ನು ಹಿಡಿಯಲು ಜೆ ಸ್ಪ್ರಿಂಗ್ ಆಗಲಿ, ಹ್ಯಾಮರ್ ಸ್ಪ್ರಿಂಗ್‌ನ ಕಾಲಾಗಲಿ ಅಲ್ಲಿ ತಲುಪುವುದಿಲ್ಲ. ಕೆಲವು ತಯಾರಕರು ಪೆಟ್ಟಿಗೆಯ ತಳದಲ್ಲಿ ಸಣ್ಣ ಸ್ಕ್ರೂಗಳನ್ನು ಕೊಟ್ಟಿರುತ್ತಾರೆ. ಅವನ್ನು ತಿರುಗಿಸಿದಾಗ ಪೆಟ್ಟಿಗೆ ಮೇಲಕ್ಕೆ ಒತ್ತಿ ಪಿನ್‌ಗಳನ್ನು ಬಿಗಿಹಿಡಿಯುತ್ತದೆ. ಆದರೂ ಇಲ್ಲಿ ಜಾರದ ಪಿನ್‌ಗಳನ್ನೇ ಹಾಕುವುದು ನನಗೆ ಸರಿಯೆನಿಸುತ್ತದೆ. ಇವುಗಳಲ್ಲಿ ಒಂದು ಬಗೆಯ ಪಿನ್ನಿನ ಎರಡೂ ತುದಿಗೆ ಸ್ಕ್ರೂ ಕೂರುತ್ತದೆ, ಪಿನ್ ಹೊರಬೀಳುವುದಿಲ್ಲ, ಆದರೆ ತಿರುಗಬಲ್ಲದು. ಇನ್ನೊಂದು ಬಗೆಯಲ್ಲಿ ರಿಸೀವರ್‌ನ ಹೊರಬದಿಯಲ್ಲಿ ಒಂದು ಪಟ್ಟಿ ಎರಡೂ ಪಿನ್‌ಗಳನ್ನು ಕೂಡಿಸುತ್ತದೆ, ಆದ್ದರಿಂದ ಅವು ತಿರುಗುವುದೂ ಇಲ್ಲ. ಉಕ್ಕಿನ ಪಿನ್ ಅಲ್ಯೂಮಿನಿಯಂ ರಂಧ್ರದೊಳಗೆ ತಿರುಗುತ್ತಾ ಹೋದರೆ ದೀರ್ಘಕಾಲದಲ್ಲಿ ರಂಧ್ರ ಸವೆಯಬಹುದು ಎಂಬುದು ಈ ಎರಡನೆಯ ಬಗೆಯ ಹಿಂದಿನ ಕಾರಣ. ವಾರವಾರ ರೇಂಜ್‌ಗೆ ಹೋಗುವವರು ಅದನ್ನು ಆರಿಸಲಿ. ಎರಡೂ ಬದಿಗೆ ಬೋಲ್ಟ್ ಬಿಡುವ ಗುಂಡಿಯಿರುವ ರಿಸೀವರ್‌ಗಳಲ್ಲಿ ಸ್ಕ್ರೂ ತಲೆ ಅಥವಾ ಪಟ್ಟಿ ಆ ಗುಂಡಿಗೆ ತಾಗುತ್ತದೆಯೇ ಎಂದು ಕೊಳ್ಳುವ ಮೊದಲೇ ನೋಡಬೇಕು.

9 ಮಿಲಿಮೀಟರ್ ಗುಂಡು ಬಳಸುವ ಬ್ಲೋಬ್ಯಾಕ್ (ಗುಂಡು ಹಾರಿದ ಒತ್ತಡವೇ ಬೋಲ್ಟ್ ಅನ್ನು ನೇರವಾಗಿ ಹಿಂದಕ್ಕೆ ತಳ್ಳುವ) ಎಆರ್‌ಗಳಲ್ಲಿ ಭಾರವಾದ ಬೋಲ್ಟ್ ವೇಗವಾಗಿ ಹಿಂದಕ್ಕೆ ಬಂದು ಹ್ಯಾಮರ್‌ಗೆ ಬಡಿಯುತ್ತದೆ. ಹ್ಯಾಮರ್ ಪಿನ್ ಮುರಿಯುವುದಕ್ಕೆ ಈ ರೈಫಲ್‌ಗಳು ಹೆಸರಾಗಿರುವುದರಿಂದ ಇಲ್ಲಿ ಗಟ್ಟಿ ಉಕ್ಕಿನ ಪಿನ್ನಿಗೆ ಹೆಚ್ಚು ಹಣ ಕೊಡುವುದು ನ್ಯಾಯವೇ. ಮುರಿದ ಪಿನ್ ಕೆಲವೊಮ್ಮೆ ರಂಧ್ರದೊಳಗೇ ಕೂತು ಹೊರಗೆ ಸರಿಯಾಗಿರುವಂತೆಯೇ ಕಾಣುತ್ತದೆ. ಶುಚಿಗೊಳಿಸುವಾಗಲೆಲ್ಲ ಅದನ್ನು ತಳ್ಳಿ ನೋಡಿ.

ಜೋಡಿಸಿದ ಮೇಲೆ ಪರೀಕ್ಷೆ ನಡೆಸುವಾಗ ಹ್ಯಾಮರ್ ಅನ್ನು ಹೆಬ್ಬೆರಳಿನಿಂದ ತಡೆದು ನಿಧಾನವಾಗಿ ಇಳಿಸಿ, ಏಕೆಂದರೆ ಮೇಲ್ಭಾಗವಿಲ್ಲದಾಗ ಅದು ಬಲವಾಗಿ ಬಡಿದರೆ ರಿಸೀವರ್ ಹಾಳಾಗುತ್ತದೆ. ಹ್ಯಾಮರ್ ಎಳೆದು ಸುರಕ್ಷತಾ ಗುಂಡಿಯನ್ನು ಸೇಫ್‌ನಲ್ಲಿಟ್ಟು ಟ್ರಿಗರ್ ಒತ್ತಿದರೆ ಹ್ಯಾಮರ್ ಬೀಳಬಾರದು. ಫೈರ್‌ಗೆ ತಿರುಗಿಸಿ ಒತ್ತಿದರೆ ಬೀಳಬೇಕು. ಟ್ರಿಗರ್ ಬಿಡದೆ ಹ್ಯಾಮರ್ ಅನ್ನು ಮತ್ತೆ ಹಿಂದಕ್ಕೆ ಒತ್ತಿದಾಗ ಅದು ಅಲ್ಲೇ ಸಿಕ್ಕಿಕೊಳ್ಳಬೇಕು. ಟ್ರಿಗರ್ ನಿಧಾನವಾಗಿ ಬಿಟ್ಟಾಗ ಕ್ಲಿಕ್ ಎಂಬ ಸದ್ದು ಬಂದರೂ ಹ್ಯಾಮರ್ ಬೀಳಬಾರದು. ಇವುಗಳಲ್ಲಿ ಒಂದು ತಪ್ಪಿದರೂ ರೈಫಲ್ ಅನ್ನು ರೇಂಜ್‌ಗೆ ಒಯ್ಯಬೇಡಿ. ಸ್ಕ್ರೂ ಇರುವ ಪಿನ್ ಆದರೆ ಎಳೆಗಳಿಗೆ ಮಧ್ಯಮ ಬಲದ ನೀಲಿ ಥ್ರೆಡ್‌ಲಾಕರ್ (ಸ್ಕ್ರೂ ಸಡಿಲವಾಗದಂತೆ ಹಿಡಿಯುವ ಅಂಟು) ಒಂದು ಹನಿ ಹಾಕಿ, ಒಂದು ದಿನ ಒಣಗಲು ಬಿಟ್ಟು, ಮೊದಲ ಸಲ ಗುಂಡು ಹಾರಿಸಿ ಬಂದ ಮೇಲೆ ಎರಡೂ ಬದಿಯ ಬಿಗಿಯನ್ನು ಮತ್ತೊಮ್ಮೆ ಪರೀಕ್ಷಿಸಿ.