ಮ್ಯಾಟ್ ಪಿಚ್ ಮತ್ತು ಕೈ ನೋಯಿಸುತ್ತಿದ್ದ ಬ್ಯಾಟ್

ದೀಪಾವಳಿಗೆ ಕೊಂಡ ಇಂಗ್ಲಿಷ್ ವಿಲೋ ಮರದ ಕ್ರಿಕೆಟ್ ಬ್ಯಾಟ್ ಸಂಕ್ರಾಂತಿ ಕಳೆದರೂ ಕೈಗೆ ಒಗ್ಗಿರಲಿಲ್ಲ. ದಾವಣಗೆರೆಯಲ್ಲಿ ನಾವು ಆಡುವುದು ಮ್ಯಾಟ್ ಹಾಸಿದ ಪಿಚ್ ಮೇಲೆ. ಚೆಂಡು ಸೊಂಟದೆತ್ತರಕ್ಕೆ ಪುಟಿಯುತ್ತದೆ. ಈ ಬ್ಯಾಟಿನ ಬೆನ್ನಿನ ಉಬ್ಬು, ಅಂದರೆ ಚೆಂಡು ತಾಗಿದರೆ ಚೆನ್ನಾಗಿ ಚಿಮ್ಮುವ ದಪ್ಪ ಭಾಗ, ತೀರಾ ಕೆಳಗಿದೆ. ಹಾಗಾಗಿ ಚೆಂಡು ಮೇಲ್ಭಾಗದ ಸ್ಟಿಕ್ಕರ್ ಬಳಿ ತಾಗಿದಾಗಲೆಲ್ಲ ಒಣ ಸದ್ದು, ಮೊಣಕೈವರೆಗೆ ಜೋಮು.

2017ರಿಂದ ನಿಯಮವು ಬ್ಯಾಟಿನ ಅಂಚಿಗೆ 40 ಮಿ.ಮೀ., ದಪ್ಪಕ್ಕೆ 67 ಮಿ.ಮೀ. ಮಿತಿ ಹಾಕಿದೆ. ಆದರೆ ಆ ದಪ್ಪ ಎಲ್ಲಿರಬೇಕೆಂದು ಹೇಳುವುದಿಲ್ಲ. ಅಂಗಡಿಯವರೂ ಹೇಳುವುದಿಲ್ಲ, ಬಿಡಿ.

ಅಗಸೆ ಎಣ್ಣೆ ಕುಡಿಸು ಎಂದರು ತಂಡದ ಹಿರಿಯರು. ಎಣ್ಣೆ ಅತಿಯಾದರೆ ಮರ ಭಾರವಾಗಿ ಜಡವಾಗುತ್ತದೆ. ತೆಳುವಾಗಿ ಒಂದು ಕೈ ಸವರಿ ನಿಲ್ಲಿಸಿದೆ. ನಿಜವಾಗಿ ಕೆಲಸ ಮಾಡಿದ್ದು ಹೊಸ ಬ್ಯಾಟನ್ನು ಬಡಿದು ಹದಗೊಳಿಸುವ ಮರದ ಸುತ್ತಿಗೆ. ಮೊದಲು ಕೆಳಭಾಗವನ್ನಷ್ಟೇ ಬಡಿದಿದ್ದರಿಂದ ಮೇಲಿನ ಅರ್ಧ ಹದವಾಗದೇ ಉಳಿದಿತ್ತು. ಸಂಜೆ ಸಂಜೆ ಅಲ್ಲಿ ಮೆಲ್ಲಗೆ ಆರಂಭಿಸಿ ಪೆಟ್ಟು ಹೆಚ್ಚಿಸುತ್ತಾ ಹೋದೆ, ಅಂಚುಗಳನ್ನು ಓರೆಯಾಗಿ ತಟ್ಟಿ ದುಂಡಗಾಗಿಸಿದೆ. ಸದ್ದು ದಿನದಿಂದ ದಿನಕ್ಕೆ ಬಿಚ್ಚಿಕೊಂಡಿತು. ಹಿಡಿಕೆಗೆ ಇನ್ನೊಂದು ರಬ್ಬರ್ ಗ್ರಿಪ್ ಏರಿಸಿದ ಮೇಲೆ ಅದುರು ತಗ್ಗಿತು, ತೂಕ ಕೈಯತ್ತ ಸರಿದು ಬ್ಯಾಟ್ ಎತ್ತುವುದೂ ಹಗುರವಾಯಿತು.

ಉಬ್ಬಿನ ಜಾಗವಂತೂ ಬದಲಾಗದು. ತಗ್ಗಿನ ಚೆಂಡನ್ನು ಮುಂದಕ್ಕೆ ಹೊಡೆಯುವ ಡ್ರೈವ್‌ಗೆ ಇದು ಬಂಗಾರ. ಪುಟಿದೆದ್ದ ಚೆಂಡಿಗೆ ಆಡುವ ಪುಲ್ ಹೊಡೆತ ಈಗಲೂ ಸಪ್ಪೆ. ಮ್ಯಾಟ್ ಮೇಲೆ ಆಡುವವರು ನಡುಮಟ್ಟದ ಉಬ್ಬಿನ ಬ್ಯಾಟನ್ನೇ ಕೊಳ್ಳಲಿ. ಏಪ್ರಿಲ್ ಬಿಸಿಲಿನಲ್ಲಿ ಕಾರಿನೊಳಗೆ ಮಾತ್ರ ಬಿಡಬೇಡಿ, ವಿಲೋ ಒಣಗಿ ಸೀಳು ಬಿಡುತ್ತದೆ.